ನನ್ನ ಬಲಗೈ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಬಳ್ಳಾರಿಯ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಮೇಸ್ತ್ರಿಯತ್ತ ಕತ್ತರಿ ಬೀಸಿದವಳು ನಾನು. ಕುರುಗೋಡಿನ ಮನೆಯಲ್ಲಿ ಊಟದ ತಟ್ಟೆಗಳನ್ನು ಗೋಡೆಗೆ ಒಗೆದಿದ್ದೇನೆ. ಎಲ್ಲರಿಗಿಂತ ಹೆಚ್ಚು ಏಟು ತಿಂದವಳು ನನ್ನ ಒಂಬತ್ತು ವರ್ಷದ ಮಗಳು. ನಾನು ಕೈ ಎತ್ತಿದರೆ ಅವ್ವ ನನ್ನನ್ನು ಕೋಣೆಗೆ ನೂಕಿ ಚಿಲಕ ಹಾಕುತ್ತಿದ್ದಳು, ತಣ್ಣಗಾದ ಮೇಲೆ ತೆಗೆಯುತ್ತಿದ್ದಳು.

ಕುತ್ತಿಗೆಯ ಗಡ್ಡೆ ನೋಡಿದ ಡಾಕ್ಟರು, ಇದು ಕೆರಳಿದ ಥೈರಾಯ್ಡು, ನಿಮ್ಮ ಸಿಟ್ಟಿನಲ್ಲಿ ಇದರ ಪಾಲೂ ಇದೆ, ಪೂರ್ತಿ ತೆಗೆಯಬೇಕು ಎಂದರು. ಅದರ ಬೆನ್ನಿಗೆ ಅಕ್ಕಿಕಾಳಿನಂಥ ಸಣ್ಣ ಗ್ರಂಥಿಗಳು ಅಂಟಿಕೊಂಡಿರುತ್ತವಂತೆ. ಅವಕ್ಕೆ ಪೆಟ್ಟಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುತ್ತದಂತೆ. ಪೂರ್ತಿ ತೆಗೆಸುವವರಿಗೆ, ಹೀಗೆ ಕೆರಳಿದವರಿಗೆ, ವಿಟಮಿನ್ ಡಿ ಕಡಿಮೆ ಇರುವವರಿಗೆ ಅಪಾಯ ಜಾಸ್ತಿ. ಮೂರೂ ನನಗಿದ್ದವು.

"ಬಳ್ಳಾರಿ ಬಿಸಿಲಾಗ ಇರೋರಿಗೆ ವಿಟಮಿನ್ ಡಿ ಕಡಿಮಿ ಏನ್ರಿ?" ಎಂದು ನಕ್ಕೆ.

"ದಿನಾ ಶೆಡ್ಡಿನಾಗ ಕುಂತ್ರ ಬಿಸಿಲು ಹುಡುಕ್ಕೊಂಡು ಒಳಗ ಬರ್ತೈತೇನ್ರಿ?" ಎಂದರು.

ಆಪರೇಷನ್ ಆಗಿ ಮೂರನೆಯ ದಿನ ಮನೆಗೆ ಬಂದೆ. ಕ್ಯಾಲ್ಸಿಯಂ ಗುಳಿಗೆ ದಪ್ಪಗಿದ್ದವು, ನುಂಗುವಾಗ ಗಂಟಲು ನೋಯುತ್ತಿತ್ತು. ರೇಗಿ ಪೊಟ್ಟಣವನ್ನೇ ಚರಂಡಿಗೆ ಒಗೆದೆ. ಗಾಯ ಕೀವಾಗುತ್ತದೆಂದು ಅವ್ವ ಹಾಲು, ಮೊಸರನ್ನೂ ನಿಲ್ಲಿಸಿದಳು.

ಮರುದಿನ ಮಧ್ಯಾಹ್ನ ತುಟಿ ಜುಮುಗುಟ್ಟಿತು. ಆಮೇಲೆ ಬೆರಳುಗಳು ಸೆಟೆದು ಒಂದಕ್ಕೊಂದು ಅಂಟಿಕೊಂಡವು, ಹೆಬ್ಬೆರಳು ಅಂಗೈಯೊಳಗೆ ಮಡಚಿತು. ಮೂಳೆ ಮುರಿಯುವಂಥ ನೋವು. ಮಾತು ಹೊರಡಲಿಲ್ಲ. ಮಗಳನ್ನು ಹಿಡಿದುಕೊಳ್ಳಲು ಕೈ ಚಾಚಿದೆ. ಅವಳು ಕೆನ್ನೆ ಮುಚ್ಚಿಕೊಂಡು ಓಡಿದಳು.

"ಗಡ್ಡಿ ತಗದ್ರೂ ಇಕಿ ಸಿಟ್ಟು ಹೋಗಲಿಲ್ಲಲ್ಲ!" ಎಂದು ಅವ್ವ ನನ್ನನ್ನು ಕೋಣೆಗೆ ದಬ್ಬಿ ಚಿಲಕ ಹಾಕಿದಳು.

ಬಾಗಿಲಿಗೆ ಹಣೆ ಚಚ್ಚಿದೆ, ಒದ್ದೆ. ಕಾಲೂ ಸೆಟೆದು ನೆಲಕ್ಕೆ ಬಿದ್ದೆ. ಸತ್ತೇ ಹೋಗುತ್ತೇನೆ ಎಂದು ಹೆದರಿಕೆಯಾಯಿತು. ಸದ್ದು ಮಾಡಿದಷ್ಟೂ ಇವರು ಬಾಗಿಲು ತೆಗೆಯುವುದಿಲ್ಲ ಎಂದೂ ಗೊತ್ತಿತ್ತು. ಮಾಡಿದ್ದುಣ್ಣೋ ಮಾರಾಯ.

ಕಿಟಕಿಯಲ್ಲಿ ಮಗಳ ಮುಖ ಕಂಡಿತು. ಅವಳು ನನ್ನ ಬಲಗೈಯನ್ನೇ ನೋಡುತ್ತಿದ್ದಳು.

"ಅಜ್ಜೀ, ಬಾಗ್ಲಾ ತಗಿ! ಹೊಡಿಬೇಕಾದ್ರ ಮಮ್ಮಿ ಬೆರಳು ಅಗಲ ಮಾಡ್ತಾಳ. ಇದು ಹೊಡಿಯೋ ಕೈ ಅಲ್ಲ!"

ಆಟೋದಲ್ಲಿ ಬಳ್ಳಾರಿಗೆ ಒಯ್ದರು. ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸಿದ ಮೇಲೆ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಇದು ಸಿಟ್ಟಲ್ಲ ಅಂತ ನಿನಗ ಹೆಂಗ ಗೊತ್ತಾತವ್ವಾ?" ಎಂದು ಡಾಕ್ಟರು ಮಗಳನ್ನು ಮೆಚ್ಚಿಕೊಂಡು ಕೇಳಿದರು. ಅವಳು ತಲೆ ತಗ್ಗಿಸಿದಳು. ನಾಚಿಕೆಯಿಂದ ನಾನು ಮುಖ ತಿರುಗಿಸಿದೆ. ಆಮೇಲೆ ಅವಳ ತಲೆ ಸವರಲು ಬಲಗೈ ಎತ್ತಿದೆ. ಬೆರಳುಗಳು ಅಗಲವಾಗಿದ್ದವು.

ಅವಳು ಕೆನ್ನೆ ಮುಚ್ಚಿಕೊಂಡಳು.