ಎರಡನೆಯ ರೀಲು ಮೊದಲು ಓಡಿದ ಬೆಳಿಗ್ಗೆ

ಶಿವಾಜಿನಗರದ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ಲೇಖನ ನನ್ನ ಬಳಿ ಇದೆ. ಬರೆದವರು ಕಾಲೇಜಿನ ಮೇಷ್ಟ್ರು, ಇಂದಿರಾನಗರದ ಚಿತ್ರಸಂಘವೊಂದರ ಹಿರಿಯರು. ವಿಷಯ, ಒಂದು ಹಳೆಯ ಕಪ್ಪುಬಿಳುಪು ಚಿತ್ರದ ಆರಂಭ. ಹೆಂಗಸೊಬ್ಬಳು ಮನೆಗೆ ಹೊರಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ತುಳಸಿಕಟ್ಟೆಯ ಮಣ್ಣಿನಲ್ಲಿ ಹೂತು ಹೊರಡುತ್ತಾಳೆ; ಒಳಗೆ ಯಾರೋ ಕೆಮ್ಮುತ್ತಾರೆ. ಒಳಗಿರುವವರು ಯಾರೆಂಬುದು ಒಗಟಿನ ಸಂಕೇತ, ಹಾಕಿದ ಬೀಗವನ್ನು ತೆಗೆಯಲೇಬೇಕೆಂಬುದು ಕ್ರಿಯೆಯ ಸಂಕೇತ, ಹೀಗೆ ನಿರ್ದೇಶಕ ಅರ್ಥವನ್ನು ಕಟ್ಟಿದ್ದಾನೆ ಎನ್ನುತ್ತಾರೆ ಮೇಷ್ಟ್ರು. ಆದರೆ ಆ ಆರಂಭವನ್ನು ಕಟ್ಟಿದವನು ನಿರ್ದೇಶಕನಲ್ಲ. ನಾನು.

ತೊಂಬತ್ತರ ದಶಕದಲ್ಲಿ ಹಲಸೂರಿನ ಚಿತ್ರಮಂದಿರವೊಂದರಲ್ಲಿ ನಾನು ಆಪರೇಟರ್. ಹಳೆಯ ಪ್ರಿಂಟುಗಳ ಮೊದಲ ರೀಲಿನ ತುದಿ ಹರಿದಿರುತ್ತಿತ್ತು. ಸೆನ್ಸಾರ್ ಪತ್ರ ಮತ್ತು ಹೆಸರುಗಳಿರುವ ತುಂಡನ್ನು ಬೇರೆ ಡಬ್ಬಿಯಲ್ಲಿಟ್ಟು, ಆಟಕ್ಕೆ ಮುಂಚೆ ಅಂಟಿಸುವುದು ನಮ್ಮ ಪದ್ಧತಿ. ಒಂದು ಗುರುವಾರ, ಬೆಳಗಿನ ಆಟಕ್ಕೆ, ಆ ತುಂಡನ್ನು ಒಂದೆಂದು ಬರೆದ ಡಬ್ಬಿಯ ರೀಲಿಗೆ ಅಂಟಿಸಿದೆ. ಹಿಂದಿನ ದಿನ ಸುತ್ತಿಡುವಾಗ ಡಬ್ಬಿಗಳನ್ನು ನಾನೇ ಅದಲುಬದಲು ಮಾಡಿದ್ದೆ.

ಹೆಸರುಗಳು ಮುಗಿದು ಪರದೆಯ ಮೇಲೆ ಬೀಗ ಕಂಡಿತು. ಅದು ಎರಡನೆಯ ರೀಲು. ಮೊದಲನೆಯದರಲ್ಲಿ ಕಾಯಿಲೆಯ ಮಾವನೇ ಸೊಸೆಗೆ, ಬೀಗ ಹಾಕಿಕೊಂಡು ಔಷಧಿ ತಾ ಎನ್ನುತ್ತಾನೆ. ಅದನ್ನು ನೋಡಿದವರಿಗೆ ಬೀಗದಲ್ಲಿ ಯಾವ ಒಗಟೂ ಇಲ್ಲ.

ನನಗಿಂತ ಮುಂಚಿನ ಆಪರೇಟರನ್ನು ರೀಲು ಸುಟ್ಟ ದಿನದ ಮಧ್ಯಾಹ್ನವೇ ಹೊರಗೆ ಹಾಕಿದ್ದರು. ಜೋಗುಪಾಳ್ಯದ ನಮ್ಮ ಒಂದೇ ಕೋಣೆಯಲ್ಲಿ ಐದು ಜನರಿದ್ದೆವು, ದುಡಿಯುವವನು ನಾನೊಬ್ಬನೆ. ಯಂತ್ರ ನಿಲ್ಲಿಸಿದರೆ "ಲೇ ಆಪರೇಟರ್!" ಎಂದು ಮುಂದಿನ ಬೆಂಚು ಕೂಗುತ್ತದೆ, ಮ್ಯಾನೇಜರು ಮೇಲೆ ಬರುತ್ತಾರೆ. ನಿಲ್ಲಿಸಲಿಲ್ಲ. ಪಕ್ಕದ ಎರಡನೆಯ ಯಂತ್ರಕ್ಕೆ ಮೊದಲ ರೀಲು ಏರಿಸಿ, ಬೀಗದ ರೀಲು ಮುಗಿದ ಕೂಡಲೆ ಓಡಿಸಿದೆ. ಜನ ಅದನ್ನು ಸೊಸೆಯ ಹಳೆಯ ನೆನಪು, ಫ್ಲ್ಯಾಶ್‌ಬ್ಯಾಕ್ ಎಂದುಕೊಂಡು ಸುಮ್ಮನೆ ಕುಳಿತರು.

ಆಟ ಮುಗಿದಾಗ ಮರದ ಮೆಟ್ಟಿಲಿನ ಮೇಲೆ ಇಬ್ಬರ ಹೆಜ್ಜೆ ಸದ್ದು. ಬಂದದ್ದು ಮ್ಯಾನೇಜರು, ಜೊತೆಗೆ ಈ ಲೇಖನದ ಮೇಷ್ಟ್ರು.

"ಎಂಥಾ ಓಪನಿಂಗ್ ರೀ ಅದು! ಭಾನುವಾರ ನಮ್ಮ ಸಂಘದೋರನ್ನೆಲ್ಲ ಕರ್ಕೊಂಡ್ ಬರ್ತೀನಿ. ಇದನ್ನೇ ತೋರಿಸ್ಬೇಕು."

"ತೋರಿಸ್ತಾರೆ ಬಿಡಿ ಸಾರ್, ಅವರಿಗೆ ಅದೇ ಕೆಲಸ," ಎಂದರು ಮ್ಯಾನೇಜರು, ನಗುತ್ತ.

ಭಾನುವಾರದವರೆಗೆ ಒಂದೇ ಲೆಕ್ಕ ಹಾಕಿದೆ. ಅದೇ ತಪ್ಪನ್ನು ಮತ್ತೆ ಮಾಡಿದರೆ ಎಲ್ಲರೂ ಮೆಚ್ಚುತ್ತಾರೆ. ಸರಿಯಾಗಿ ಓಡಿಸಿದರೆ ಗುರುವಾರದ ತಪ್ಪು ಬಯಲಾಗಿ ಸಿಕ್ಕಿಬೀಳುತ್ತೇನೆ. ತಿಳಿಯದೆ ಮಾಡಿದ್ದು ತಪ್ಪು, ತಿಳಿದು ಮಾಡಿದರೆ ಸುಳ್ಳು ಎಂಬ ನನ್ನ ಹಟ ಮಾತ್ರ ಬಿಡಲಿಲ್ಲ. ಭಾನುವಾರ ಪ್ರತಿ ರೀಲಿನ ತುದಿಯನ್ನು ಬಲ್ಬಿಗೆ ಹಿಡಿದು ನೋಡಿ, ಹೆಸರುಗಳ ತುಂಡನ್ನು ಮಾವನ ಮುಖವಿದ್ದ ಮೊದಲ ರೀಲಿಗೇ ಅಂಟಿಸಿದೆ.

ಆಟ ಶುರುವಾದ ಐದು ನಿಮಿಷಕ್ಕೆ ಹೆಜ್ಜೆ ಸದ್ದು, ಈ ಬಾರಿ ಮ್ಯಾನೇಜರು ಒಬ್ಬರದೇ.

"ಮೇಷ್ಟ್ರು ಬೀಗ ಎಲ್ಲಿ ಅಂತ ಕೂಗಾಡ್ತಿದಾರೆ. ಏನ್ರೀ ಮಾಡಿದ್ರಿ?"

"ತಪ್ಪು ಇವತ್ತಿಂದಲ್ಲ ಸಾರ್. ಗುರುವಾರದ್ದು." ಡಬ್ಬಿಗಳನ್ನು ತೋರಿಸಿದೆ.

ಅವರು ಡಬ್ಬಿಗಳ ಮುಚ್ಚಳ ಮುಚ್ಚಿದರು. "ಕೆಲಸ ಬೇಕಾ?"

"ಬೇಕು ಸಾರ್."

"ಹಂಗಾದ್ರೆ ಬಾಯಿ ಮುಚ್ಕೊಂಡಿರಿ. ಪ್ರಿಂಟ್ ಬದಲಾಗಿದೆ ಅಂತ ಹೇಳ್ತೀನಿ."

ಬಾಯಿ ಮುಚ್ಚಿಕೊಂಡೆ, ಕೆಲಸ ಉಳಿಯಿತು. ಲೇಖನದ ಕೊನೆಯಲ್ಲಿ ಮೇಷ್ಟ್ರು ಬರೆದಿದ್ದಾರೆ: ಭಾನುವಾರ ಕಂಡದ್ದು ಯಾರೋ ಅರಸಿಕರು ಕೆಡಿಸಿದ ಪ್ರತಿ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 'ಸುಳ್ಳು' ಎಂದು ಬರೆದಿದ್ದೇನೆ. ಚಿತ್ರಮಂದಿರ ನೆಲಸಮವಾಗಿ ವರ್ಷಗಳಾದವು. ಆದರೂ ಆ ಹಾಳೆಯನ್ನು ಇಂದಿನವರೆಗೆ ಯಾರಿಗೂ ತೋರಿಸಿರಲಿಲ್ಲ.