ಪ್ಯಾಡಿಗೆ ಮೆತ್ತಿದ ಹಿಮ

"ಭಾಯ್, ಇದು ಬರ್ಫಾ?" ಎನ್ನುತ್ತ ಟ್ಯಾಕ್ಸಿ ಚಾಲಕ, ಡಿಕ್ಕಿ ಮುಚ್ಚಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದ. ದುಬೈನ ಒಳಾಂಗಣ ಮಂಜುಗಡ್ಡೆ ಅಂಕಣದಲ್ಲಿ ಐಸ್-ಹಾಕಿ ಪಂದ್ಯ ಆಡಿ ಆಗಷ್ಟೇ ಹೊರಬಂದಿದ್ದೆ. ಐವತ್ತು ದಾಟಿದ ನಾನು ನಮ್ಮ ಹವ್ಯಾಸಿ ತಂಡದ ಗೋಲ್‌ಕೀಪರ್. ಸಾಲುಸಾಲು ಗೋಲು ಬಿಟ್ಟ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆಟದುದ್ದಕ್ಕೂ ಮಂಡಿಯೂರಿ ಬೀಳುವುದರಿಂದ ಡಿಕ್ಕಿಗೆ ಹಾಕಿದ್ದ ಕಾಲಿನ ಪ್ಯಾಡುಗಳ ಸಂದಿಯಲ್ಲಿ ಐಸ್ ಪುಡಿ ಮೆತ್ತಿಕೊಂಡಿತ್ತು.

ಆತ ನನ್ನನ್ನು ಕೇಳದೆಯೇ ಅದನ್ನು ಕೆರೆದು, ಮುದ್ದೆ ಕಟ್ಟಿ, ಕಣ್ಣು ಮುಚ್ಚಿ ಮೂಸಿದ. ಸುಡುವ ಗಾಳಿಗೆ ಕರಗಿದ ನೀರು ಮೊಣಕೈವರೆಗೆ ಇಳಿಯಿತು.

"ನಮ್ಮದು ಪಾಕಿಸ್ತಾನದ ಸ್ವಾತ್ ಕಣಿವೆ. ಅಲ್ಲಿಯ ಹಿಮಕ್ಕೆ ದೇವದಾರು ಮರದ ವಾಸನೆ, ಒಲೆ ಹೊಗೆಯ ವಾಸನೆ ಇರುತ್ತೆ. ಇದರಲ್ಲಿ ಏನೂ ಇಲ್ಲ ಭಾಯ್," ಎಂದು ಉರ್ದುವಿನಲ್ಲಿ ಹೇಳಿದವನು, ಒದ್ದೆ ಕೈ ಒರೆಸಿಕೊಳ್ಳದೆಯೇ ಸ್ಟೀರಿಂಗ್ ಹಿಡಿದ.

ನಾನು ಮಲ್ಪೆಯವನು. ಇಲ್ಲಿಗೆ ಬಂದ ಹೊಸದರಲ್ಲಿ ಜುಮೇರಾ ಕಡಲತೀರದಲ್ಲಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಹಿಡಿ ಒದ್ದೆ ಮರಳನ್ನು ನಾನೂ ಹೀಗೇ ಮೂಸಿದ್ದೆ. ಅದರಲ್ಲಿ ಬಂಗುಡೆಯ ವಾಸನೆ ಇರಲಿಲ್ಲ.