ತಗತೀರೋ ಇಲ್ವೋ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದೆ ಕಂಪ್ಯೂಟರ್ ರಿಪೇರಿ, ಮಾರಾಟ ಮಾಡುತ್ತಿದ್ದವನಿಗೆ ನನ್ನ ಮುಖ ಕಂಡರೇ ಸಿಟ್ಟು. ನನ್ನ ಹಳೇ ಕಂಪ್ಯೂಟರನ್ನು ರಿಪೇರಿಗೆ ಒಯ್ದಾಗಲೆಲ್ಲ ಸ್ಕ್ರೂಡ್ರೈವರನ್ನು ಟೇಬಲ್ಲಿಗೆ ಕುಟ್ಟಿ, “ಒಂದ್ ಮಾತು ಯೋಳಿ ಸಾ, ಒಸ್ದು ತಗತೀರೋ ಇಲ್ವೋ?” ಅನ್ನುತ್ತಿದ್ದ.

ಎರಡು ವರ್ಷದಿಂದ ನನ್ನದು ಒಂದೇ ಹೆದರಿಕೆ. ಇವತ್ತು ಕೊಂಡರೆ ನಾಳೆ ಬೆಲೆ ಇಳಿದೀತು, ಕಾದರೆ ಏರೀತು. ಕೊನೆಯ ಸಲ ಅವನು ಕೇಳಿದಾಗ, “ಆಷಾಢ ಕಳೀಲಿ” ಅಂದೆ.

“ಕಂಪ್ಯೂಟ್ರೇನು ಒಸ ಮದ್ವೆ ಎಣ್ಣಾ ಸಾ, ಆಷಾಢಕ್ಕೆ ತೌರಲ್ಲಿ ಕೂರ್ಸಾಕೆ? ನಿಮ್ಮ ಡಬ್ಬ ಇನ್ನೊಂದು ವಾರ ಬಂದ್ರೆ ಎಚ್ಚು!”

ಅವನ ನಾಲಿಗೆಗೆ ಬರೆ ಹಾಕಬೇಕು ಎಂದು ಗೊಣಗಿಕೊಂಡೇ ಮನೆಗೆ ಬಂದೆ. ನಾಲ್ಕನೇ ದಿನ ಬೆಳಿಗ್ಗೆ ಡಬ್ಬ ಸತ್ತಿತು. ಮಗಳು ಮಾರನೆಯ ದಿನ ಕಾಲೇಜಿಗೆ ಒಪ್ಪಿಸಬೇಕಿದ್ದ ಪ್ರಾಜೆಕ್ಟ್ ಅದರೊಳಗೇ ಇತ್ತು.

ಅದನ್ನು ಹೊತ್ತುಕೊಂಡು ಇಬ್ಬರೂ ಅವನ ಅಂಗಡಿಗೆ ಓಡಿದೆವು. ಅವನು ಬೈಯುತ್ತಲೇ ಡಿಸ್ಕ್ ಕಿತ್ತು ತನ್ನ ಕಂಪ್ಯೂಟರಿಗೆ ಜೋಡಿಸಿದ. ಪ್ರಾಜೆಕ್ಟ್ ಸಿಕ್ಕಿತು. ಮಗಳನ್ನು ತನ್ನ ಕುರ್ಚಿಯಲ್ಲೇ ಕೂರಿಸಿ, “ಮುಗ್ಸವ್ವ” ಅಂದ. ನನ್ನನ್ನು ಹೊರಗಿನ ಬೆಂಚಿಗೆ ಅಟ್ಟಿದ.

ಸಂಜೆ ಕೆಲಸ ಮುಗಿದ ಮೇಲೆ ಮೆತ್ತಗೆ ಕೇಳಿದೆ: “ಹೊಸದು ಇವತ್ತೇ ಕೊಡ್ತೀರಾ?”

“ಕೊಡಾಕಿಲ್ಲ. ನಾಳೆ ಈ ಮಗೀನ ಕಳ್ಸಿ, ಅದೇ ಆರಿಸ್ಕಳ್ಳಿ. ನೀವ್ ಮಾತ್ರ ಬರ್ಬೇಡಿ.”